ಎಮಿನಾ ಹಾಡಿನ ಕೊನೆಯ ಚರಣ: ಡಾಕ್ಟರ್ ಹಿಮ್ಜೋ ಪೊಲೊವಿನಾ ಸೇರಿಸಿದ್ದು ಸರಿಯೇ?

ಮಲ್ಲಿಗೆ ಬಳ್ಳಿ:
ಎರಡು ವಾರದಿಂದ ಒಬ್ಬರೇ ಗಾಯಕರನ್ನು ಕೇಳುತ್ತಿದ್ದೇನೆ. ಬೋಸ್ನಿಯಾದ ಹಿಮ್ಜೋ ಪೊಲೊವಿನಾ. 1927ರಲ್ಲಿ ಮೊಸ್ತಾರ್ ಊರಲ್ಲಿ ಹುಟ್ಟಿದವರು. ಓದಿದ್ದು ವೈದ್ಯಕೀಯ, ಸರಾಯೆವೊದಲ್ಲಿ ಮನೋರೋಗ ತಜ್ಞರಾಗಿದ್ದರು. ಜನ ಪ್ರೀತಿಸಿದ್ದು ಮಾತ್ರ ಅವರ ಹಾಡನ್ನು. ಅವರು ಹಾಡುತ್ತಿದ್ದುದು ಸೆವ್ದಾಲಿಂಕಾ, ಅಂದರೆ ಅಲ್ಲಿನ ಪೇಟೆಗಳಲ್ಲಿ ಬೆಳೆದ ಹಳೆಯ ಪ್ರೇಮದ ಹಾಡು.

ಅವರ 'ಎಮಿನಾ' ಎಲ್ಲರಿಗೂ ಗೊತ್ತು. ಅದು ಮೊಸ್ತಾರಿನ ಕವಿ ಅಲೆಕ್ಸಾ ಶಾಂತಿಚ್ 1902ರಲ್ಲಿ ಬರೆದ ಕವಿತೆ. ಕವಿ ಸಂಜೆ ಹಮಾಮಿನಿಂದ, ಅಂದರೆ ಊರಿನ ಸ್ನಾನದ ಮನೆಯಿಂದ, ಮನೆಗೆ ಬರುತ್ತಿದ್ದಾನೆ. ಇಮಾಮರ ತೋಟದಲ್ಲಿ, ಮಲ್ಲಿಗೆಯ ನೆರಳಲ್ಲಿ, ಕೈಯಲ್ಲಿ ಗಿಂಡಿ ಹಿಡಿದು ಅವರ ಮಗಳು ನಿಂತಿದ್ದಾಳೆ. ಇವನು ಸಲಾಂ ಹೇಳುತ್ತಾನೆ. ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ, ಗುಲಾಬಿಗೆ ನೀರು ಹಾಕಲು ಹೋಗುತ್ತಾಳೆ. ಆ ಹುಡುಗಿ ನಿಜಕ್ಕೂ ಇದ್ದವಳು, ಎಮಿನಾ ಸೆಫಿಚ್.

ಹಿಮ್ಜೋ ಹಾಡುವಾಗ ಕೊನೆಗೆ ಒಂದು ಚರಣ ಬರುತ್ತದೆ. ಕವಿ ಸತ್ತ, ಎಮಿನಾ ಸತ್ತಳು, ತೋಟ ಬರಿದಾಯಿತು, ಗಿಂಡಿ ಒಡೆಯಿತು, ಹಾಡು ಮಾತ್ರ ಸಾಯುವುದಿಲ್ಲ ಅಂತ. ಅದು ಶಾಂತಿಚ್ ಬರೆದದ್ದಲ್ಲ. ನನಗೆ ಅದೇ ಎದೆಗೆ ತಾಗಿದ್ದು. ನಿಮಗೆ ಏನನ್ನಿಸುತ್ತದೆ?

ಸಾಗರದ ಹುಡುಗ:
ದನಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚರಣ ನನಗೆ ಬೇಡ.

ಮೂಲ ಕವಿತೆ ಮುಗಿಯುವ ರೀತಿ ನೋಡಿ. ಅವಳು ಒಂದೇ ಒಂದು ಸಲ ಮುಖ ಗಂಟಿಕ್ಕಿ ನೋಡುತ್ತಾಳೆ. ಕವಿ ಅಲ್ಲೇ ಸೋತು ಹೋಗುತ್ತಾನೆ. ನಾನು ಇವಳಿಗಾಗಿ ಸತ್ತರೂ ಇವಳಿಗೆ ಲೆಕ್ಕಕ್ಕಿಲ್ಲ ಅನ್ನುತ್ತಾನೆ. ಅಷ್ಟೇ, ಮುಗಿಯಿತು. ಮೂವತ್ತನಾಲ್ಕರ ಗಂಡಸು ಬೀದಿಯಲ್ಲಿ ಬೆವರುತ್ತಾ ನಿಂತ ಕ್ಷಣ ಅದು. ಅವಳು ಇನ್ನೂ ತೋಟದಲ್ಲೇ ಇದ್ದಾಳೆ. ಅಂಥ ಕಡೆ ಹೋಗಿ ಇಬ್ಬರೂ ಸತ್ತರು ಅಂತ ಯಾಕೆ ಹೇಳಬೇಕು? ಕವಿ ಬದುಕಿಸಿಟ್ಟವಳನ್ನು ಗಾಯಕ ಮಣ್ಣು ಮಾಡಿದ ಹಾಗಾಯಿತು.

ರೇಡಿಯೋ ರಾಯರು:
ಹುಡುಗಾ, ನಿನ್ನ ಮಾತಲ್ಲಿ ತೂಕ ಇದೆ. ಆದರೂ ಸೆವ್ದಾಲಿಂಕಾ ಹೇಗೆ ಬೆಳೆಯಿತು ಅನ್ನುವುದನ್ನೂ ನೋಡು.

ಹಿಮ್ಜೋ ಹಾಡಿದ 'ಅಜ್ರಾ' ಕೇಳಿದ್ದೀಯಾ? ಸುಲ್ತಾನನ ಮಗಳು ದಿನಾ ಸಂಜೆ ಕಾರಂಜಿಯ ಹತ್ತಿರ ಬರುತ್ತಾಳೆ. ಅಲ್ಲೊಬ್ಬ ಗುಲಾಮ ನಿಂತಿರುತ್ತಾನೆ. ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಾನೆ. ಒಂದು ಸಂಜೆ ಅವಳು ಹೆಸರೇನು, ಊರು ಯಾವುದು, ಯಾರ ಪೈಕಿ ಅಂತ ಕೇಳುತ್ತಾಳೆ. ಅವನು ಹೇಳುತ್ತಾನೆ: ನಾನು ಯೆಮೆನಿನವನು, ನಮ್ಮದು ಪ್ರೀತಿಸಿದರೆ ಸಾಯುವ ಕುಲ. ಬೋಸ್ನಿಯಾದ ಎಷ್ಟೋ ಜನ ಅದು ತಮ್ಮ ಅಜ್ಜಿಯರ ಹಾಡು ಅಂದುಕೊಂಡಿದ್ದಾರೆ. ಆದರೆ ಅದು ಜರ್ಮನ್ ಕವಿ ಹೈನೆಯ ಕವಿತೆ. ಬೋಸ್ನಿಯಾದ ಭಾಷೆಗೆ ತಂದವರು ಸಫ್ವೆತ್ ಬೆಗ್ ಬಶಾಗಿಚ್ ಅಂತಾರೆ. ಆಮೇಲೆ ಕ್ರೊಯೇಷಿಯಾದ ಜಾಗ್ರೆಬ್ ಊರಿನ ಒಂದು ರಾಕ್ ತಂಡ ಈ ಹಾಡಿನಿಂದಲೇ ತನ್ನ ಹೆಸರು ತಗೊಂಡಿತು. ಯಾರೂ ಮುಟ್ಟಬಾರದು ಅಂದಿದ್ದರೆ ಈ ಹಾಡೇ ಇರುತ್ತಿರಲಿಲ್ಲ ಅಲ್ವಾ?

ವಾದ್ಯದ ಕಥೆಯೂ ಅದೇ. ಮೊದಲು ಇದ್ದದ್ದು ಸಾಜ್, ತಂತಿವಾದ್ಯ. 1878ರ ಮೇಲೆ ಆಸ್ಟ್ರಿಯಾ ಹಂಗೇರಿಯ ಆಳ್ವಿಕೆ ಬಂತು, ಜೊತೆಗೆ ಅಕಾರ್ಡಿಯನ್ ಬಂತು. 1945ರಲ್ಲಿ ರೇಡಿಯೋ ಸರಾಯೆವೊ ಶುರುವಾಯಿತು, ದೊಡ್ಡ ವಾದ್ಯವೃಂದ ಸೇರಿಕೊಂಡಿತು. ಹಿಮ್ಜೋ ಮನೆಮನೆಗೆ ತಲುಪಿದ್ದು ಆ ರೇಡಿಯೋದಿಂದಲೇ. ಹಳೆಯ ಹಾಡುಗಳನ್ನು ಹುಡುಕಿ ಕೂಡಿಹಾಕಿದವರೂ ಹೌದು. ಕೈಗೆ ಬಂದದ್ದನ್ನು ಸುಮ್ನೆ ಹಾಡಿ ಬಿಟ್ಟವರಲ್ಲ.

ಸಾಗರದ ಹುಡುಗ:
ರಾಯರೇ, ಅನುವಾದ ಬೇರೆ, ಬಾಲ ಜೋಡಿಸುವುದು ಬೇರೆ. ಹೈನೆಯ ಕಥೆಗೆ ಬಶಾಗಿಚ್ ಹೊಸ ಕೊನೆ ಕಟ್ಟಲಿಲ್ಲವಲ್ಲ. ಗುಲಾಮ ಅದೇ ಮಾತು ಹೇಳಿ ನಿಲ್ಲಿಸುತ್ತಾನೆ. ಬರೆದವರು ಯಾರು ಅಂತ ಗೊತ್ತಿಲ್ಲದ ಜನಪದದ ಹಾಡಾದರೆ ನಾನು ಮಾತಾಡುತ್ತಿರಲಿಲ್ಲ. ಇಲ್ಲಿ ಕವಿಗೆ ಹೆಸರಿದೆ. 1924ರಲ್ಲಿ ತೀರಿಕೊಂಡವರು ಎದ್ದು ಬಂದು ಬೇಡ ಅನ್ನಲಾರರು.

ನೈಟ್ ಡ್ಯೂಟಿ:
ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್. ಈ ಚರ್ಚೆ ನೋಡಿ ನಿನ್ನೆ ರಾತ್ರಿ ಇಬ್ಬರು ಮೂವರು ಹಾಡಿದ ಎಮಿನಾ ಕೇಳಿದೆ. ಬೇರೆಯವರು ಗಿಂಡಿ ಒಡೆದ ಸಾಲು ಬರುವಾಗ ದನಿ ಏರಿಸುತ್ತಾರೆ. ಹಿಮ್ಜೋ ಏರಿಸುವುದಿಲ್ಲ, ಮಾತು ನಿಧಾನ ಆಗುತ್ತದೆ. ಪಕ್ಕದಲ್ಲಿ ಕೂತವರಿಗೆ ಕೆಟ್ಟ ಸುದ್ದಿ ಹೇಳುವ ಹಾಗೆ. ನಮ್ಮ ವಾರ್ಡಿನ ದೊಡ್ಡ ಡಾಕ್ಟರೊಬ್ಬರು ರೋಗಿಯ ಮನೆಯವರ ಹತ್ತಿರ ಹೀಗೆ ಮಾತಾಡುತ್ತಾರೆ. ಮೊದಲು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಆಮೇಲೆ ಮಾತು.

ಇನ್ನೊಂದು ವಿಷಯ. ಸೆವ್ದಾಲಿಂಕಾದಲ್ಲಿರುವ ಸೆವ್ದಾಹ್ ಅನ್ನುವ ಪದ ತುರ್ಕಿಯ 'ಸೆವ್ದಾ'ದಿಂದ ಬಂದದ್ದು, ಪ್ರೀತಿ ಅಂತ. ಅದರ ಬೇರು ಅರಬಿಯ 'ಸೌದಾ', ಕಪ್ಪು ಪಿತ್ತ. ಮನಸ್ಸು ಮಂಕಾಗಲು ಕಪ್ಪು ಪಿತ್ತ ಕಾರಣ ಅಂತ ಹಳೆಯ ಕಾಲದ ವೈದ್ಯರು ನಂಬಿದ್ದರು. ಹಗಲು ಆ ಕಾಯಿಲೆಗೆ ಮದ್ದು ಕೊಟ್ಟ ಮನುಷ್ಯ ಅದೇ ಹೆಸರಿನ ಹಾಡನ್ನು ಇಷ್ಟು ಸಮಾಧಾನದಿಂದ ಹಾಡಿದರು. ನನಗೆ ಇದು ತುಂಬಾ ದೊಡ್ಡದು ಅನ್ನಿಸುತ್ತದೆ.

ಮಲ್ಲಿಗೆ ಬಳ್ಳಿ:
ಸಾಗರದವರಿಗೆ ಒಂದು ಮಾತು. ಆ ಚರಣ ಹಿಮ್ಜೋ ಕೂತು ಕಟ್ಟಿದ್ದಲ್ಲ ಅಂತ ಒಂದು ಕಥೆ ಇದೆ. ಎಮಿನಾ ತೀರಿಕೊಂಡ ಸುದ್ದಿ ಸಿಕ್ಕಿದಾಗ ಅವರು ಮೊಸ್ತಾರಿನಲ್ಲಿ ಸೆವ್ದಾ ಕತಿತ್ಸಾ ಅನ್ನುವ ಕವಯಿತ್ರಿಯ ಮನೆಗೆ ಹೋದರಂತೆ. ಆಕೆ ಅಂಗಳದಲ್ಲಿದ್ದರು. ಸುದ್ದಿ ಕೇಳಿ ನಡುಗಿದರು. ಆಗ ಬಾಯಿಂದ ಬಂದ ಸಾಲುಗಳೇ ಇವು ಅಂತ ಹೇಳುತ್ತಾರೆ. ಇದನ್ನು ಬಾಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಅಳುತ್ತಾರಲ್ಲ, ಆ ಜಾತಿಯದು ಇದು.

ವಿಯೆನ್ನಾ ವಾಸಿ:
ನಾನು ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಮ್ಮ ಮೇಲಿನ ಮಹಡಿಯ ಅಮ್ಮ ಮೊಸ್ತಾರಿನವರು. 1993ರಲ್ಲಿ ಬೋಸ್ನಿಯಾದ ಯುದ್ಧದ ಹೊತ್ತಿಗೆ ಊರು ಬಿಟ್ಟು ಬಂದವರು. ಆ ವರ್ಷ ನವೆಂಬರ್ 9ಕ್ಕೆ ಅಲ್ಲಿನ ಹಳೆಯ ಕಲ್ಲಿನ ಸೇತುವೆ ಶೆಲ್ ದಾಳಿಗೆ ಬಿತ್ತು. ಮತ್ತೆ ಕಟ್ಟಿದ್ದು 2004ರಲ್ಲಿ.

ಭಾನುವಾರ ನನ್ನನ್ನು ಕಾಫಿಗೆ ಕರೆಯುತ್ತಾರೆ. ಉದ್ದ ಹಿಡಿಯ ಸಣ್ಣ ತಾಮ್ರದ ಪಾತ್ರೆ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಮೊದಲು ನೊರೆ ತೆಗೆದು ಬಟ್ಟಲಿಗೆ ಹಾಕುತ್ತಾರೆ, ಆಮೇಲೆ ಕಾಫಿ. ಸಕ್ಕರೆಯ ಗಟ್ಟಿಯನ್ನು ಅದ್ದಿ ಕಚ್ಚಿ, ಮೇಲೆ ಒಂದು ಗುಟುಕು ಕುಡಿಯಬೇಕು. ಹಾಡು ಹಿಮ್ಜೋ ಅವರದ್ದೇ. ಎಮಿನಾ ಬಂದರೆ ಜೊತೆಗೆ ಗುನುಗುತ್ತಾರೆ. ಸಲಾಂ ಅನ್ನುವ ಜಾಗದಲ್ಲಿ ನಾನೂ ಸೇರುತ್ತೇನೆ, ಅದು ನಮಗೂ ಗೊತ್ತಿರುವ ಪದ. ಆದರೆ ಗಿಂಡಿ ಒಡೆದ ಸಾಲಿಗೆ ಅವರು ಸುಮ್ಮನಾಗುತ್ತಾರೆ. ಬಟ್ಟಲನ್ನು ಕೆಳಗೆ ಇಟ್ಟುಬಿಡುತ್ತಾರೆ. ಅವರ ತಾಯಿಯ ಗಿಂಡಿ ಊರಲ್ಲೇ ಉಳಿದುಹೋಯಿತು. ಮನೆಯೂ ಇಲ್ಲ.

ಹಿಮ್ಜೋ 1986ರಲ್ಲೇ ತೀರಿಕೊಂಡರು, ಮಾಂಟೆನೆಗ್ರೋದ ಪ್ಲಾವ್ ಊರಲ್ಲಿ. ಯುದ್ಧವನ್ನು ಅವರು ನೋಡಲಿಲ್ಲ. ಆದರೂ ಆ ಚರಣ ಈ ಅಮ್ಮನಿಗೇ ಬರೆದಂತಿದೆ.

ಸಾಗರದ ಹುಡುಗ:
ವಿಯೆನ್ನಾದ ಅಕ್ಕಾ, ಎರಡು ದಿನ ನಿಮಗೆ ಉತ್ತರ ಬರೆಯಲು ಆಗಲಿಲ್ಲ.

ಕವಿತೆ ಓದುವಾಗ ನನಗೆ ಈಗಲೂ ಆ ಗಂಟು ಮುಖದ ನೋಟವೇ ಕೊನೆ. ಅದನ್ನು ಬಿಡುವುದಿಲ್ಲ. ಎಮಿನಾ ತೋಟದಲ್ಲೇ ಇರಲಿ. ಆದರೆ ಆ ಅಮ್ಮನ ಮುಂದೆ ಕೂತು ಈ ಚರಣ ಬೇಡ ಅನ್ನಲು ನನ್ನಿಂದ ಆಗದು. ಒಂದೇ ಕೇಳುತ್ತೇನೆ. ಸಾಲುಗಳು ಸೆವ್ದಾ ಕತಿತ್ಸಾ ಅವರದ್ದಾದರೆ ಹಾಡಿನ ಜೊತೆ ಅವರ ಹೆಸರೂ ಬರಬೇಕು. ಶಾಂತಿಚ್ ಹೆಸರು ಬರುತ್ತದೆ, ಹಿಮ್ಜೋ ಹೆಸರು ಬರುತ್ತದೆ. ಅಂಗಳದಲ್ಲಿ ನಡುಗಿದ ಹೆಂಗಸಿನ ಹೆಸರು ಮಾತ್ರ ಯಾಕೆ ಬರಬಾರದು?

ರೇಡಿಯೋ ರಾಯರು:
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನೂ ಇಷ್ಟು ವರ್ಷ ಎಲ್ಲವನ್ನೂ ಶಾಂತಿಚ್ ಲೆಕ್ಕಕ್ಕೇ ಬರೆದಿದ್ದೆ. ನನ್ನ ಹಾಡಿನ ಪಟ್ಟಿಯಲ್ಲಿ ಇವತ್ತೇ ತಿದ್ದುತ್ತೇನೆ.

ವಿಯೆನ್ನಾ ವಾಸಿ:
ಇವತ್ತು ಭಾನುವಾರ. ಮೇಲಕ್ಕೆ ಹೋದಾಗ ಅಮ್ಮನಿಗೆ ಈ ಕಥೆ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ, ಪೂರ್ತಿ ಹಾಡು ಶಾಂತಿಚ್ ಬರೆದದ್ದೇ ಅಂದುಕೊಂಡಿದ್ದರು. "ಸೆವ್ದಾ," ಅಂತ ಎರಡು ಸಲ ಹೇಳಿಕೊಂಡರು. "ಹೆಸರೇ ಸೆವ್ದಾ!" ಆಮೇಲೆ ಹಾಡನ್ನು ಮೊದಲಿನಿಂದ ಹಾಕು ಅಂದರು. ಕೊನೆಯ ಚರಣ ಬಂದಾಗ ಈ ಸಲ ಸುಮ್ಮನಾಗಲಿಲ್ಲ, ಮೆಲ್ಲಗೆ ಹಾಡಿದರು.