ಹಳೇ ಏರ್ ಪಿಸ್ತೂಲು ಏಲಂನಲ್ಲಿ ಎಷ್ಟಕ್ಕೆ ಹೋಗ್ತದೆ ಅಂತ ಮೊದಲೇ ಅಂದಾಜು ಮಾಡುದು ಹೇಗೆ?

ಮುಲ್ಕಿಹೊಳೆ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ಪುರ್ಸೊತ್ತಲ್ಲಿ ಓದಿ. ನಮ್ಮ ಅಜ್ಜ ಮಂಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ ರೈಟರ್ ಆಗಿದ್ರು, ಅಲ್ಲಿದ್ದ ದೊರೆ ಊರು ಬಿಟ್ಟು ಹೋಗುವಾಗ ಒಂದು ಏರ್ ಪಿಸ್ತೂಲು (ಮದ್ದಿಲ್ಲದೆ ಗಾಳಿಯ ಒತ್ತಡದಲ್ಲೇ ಗುಂಡು ಹಾರಿಸುವಂತದ್ದು) ಅಜ್ಜನ ಕೈಗೆ ಕೊಟ್ಟು ಹೋದ್ರಂತೆ. ಕಳೆದ ಮಳೆಗಾಲದ ಮೊದಲು ಹಂಚು ಸರಿ ಮಾಡ್ಲಿಕ್ಕೆ ಅಟ್ಟ ಹತ್ತಿದಾಗ ಅದು ಮರದ ಪೆಟ್ಟಿಗೆಯಲ್ಲಿ, ಚರ್ಮದ ಚೀಲದ ಒಳಗೆ ಸಿಕ್ಕಿತು. ವೆಬ್ಲಿ ಕಂಪೆನಿಯ ಜೂನಿಯರ್ ಅನ್ನುವ ಮಾಡೆಲ್, .177 (ಬ್ಯಾರಲ್ ಅಂದ್ರೆ ನಳಿಗೆಯ ತೂತಿನ ಅಳತೆ, ಇಂಚಲ್ಲಿ), ಕಪ್ಪು ಹಿಡಿ, ಮೈಮೇಲೆ ಅಕ್ಷರ ಎಲ್ಲ ಓದ್ಲಿಕ್ಕೆ ಬರ್ತದೆ. ಮಾರುವ ಪ್ರಶ್ನೆಯೇ ಇಲ್ಲ, ಅಜ್ಜನದ್ದು ಮನೆಯಲ್ಲೇ ಇರ್ತದೆ.

ಆದ್ರೆ ಅದು ಸಿಕ್ಕಿದ ಮೇಲೆ ನನಗೂ ಇಂಗ್ಲೆಂಡಲ್ಲಿ ಇರುವ ಚಿಕ್ಕಪ್ಪನ ಮಗನಿಗೂ ಇದರದ್ದೇ ಗುಂಗು. ಅಲ್ಲಿಯ ಏಲಂ ಕಂಪೆನಿಗಳ ಕ್ಯಾಟಲಾಗ್ ಅವನು ಕಳಿಸ್ತಾನೆ, ಏಲಂನ ಹಿಂದಿನ ರಾತ್ರಿ ಇಬ್ಬರೂ ಒಂದೊಂದು ಪಿಸ್ತೂಲಿಗೆ ರೇಟ್ ಬರೆದು ವಾಟ್ಸಪ್ಪಲ್ಲಿ ಹಾಕುದು, ಮರುದಿನ ನೋಡುದು. ಅವನದ್ದು ಹತ್ತಿರ ಹತ್ತಿರ ಬರ್ತದೆ, ನನ್ನದು ಬರುದೇ ಇಲ್ಲ. ಮೊನ್ನೆ ಒಂದು ವೆಬ್ಲಿ ಮಾರ್ಕ್ 1 ಬಂದಿತ್ತು, ಆ ಕಂಪೆನಿಯ ಮೊದಲ ಏರ್ ಪಿಸ್ತೂಲು, 1924ರಲ್ಲಿ ಶುರುವಾದ ಮಾಡೆಲ್, ನೂರು ವರ್ಷದ ಹಿಂದಿನ ಸಾಮಾನು ಅಂತ ನಾನು ಜೋರು ರೇಟ್ ಬರೆದೆ, ಅದು ನಾನು ಹೇಳಿದ್ದರ ಅರ್ಧಕ್ಕೂ ಹೋಗ್ಲಿಲ್ಲ. ಅದೇ ದಿನ 1964ರ ನಂತರದ ಒಂದು ವೆಬ್ಲಿ ಪ್ರೀಮಿಯರ್ ಅದಕ್ಕಿಂತ ಜಾಸ್ತಿಗೆ ಹೋಯ್ತು. 40 ವರ್ಷ ಚಿಕ್ಕದ್ದು! ಎಂತ ಲೆಕ್ಕ ಇದು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಕಲ್ಯಾಣಪುರ_ಫಿಟ್ಟರ್

ನೀವು ವರ್ಷ ನೋಡಿ ರೇಟ್ ಹೇಳ್ತಿದ್ದೀರಿ, ತಪ್ಪುದು ಅಲ್ಲೇ. ನಾನು ಬರ್ಮಿಂಗ್‌ಹ್ಯಾಮಲ್ಲಿ 11 ವರ್ಷ ಕೆಲಸ ಮಾಡಿದವ, ವೆಬ್ಲಿಯ ಊರು ಅದೇ, ಭಾನುವಾರ ಆದ್ರೆ ಹಳೇ ಸಾಮಾನಿನ ಸಂತೆಗೆ ಹೋಗುದೇ ನನ್ನ ಕೆಲಸ, ಕೈಯಲ್ಲಿ ಹಿಡಿದು ನೋಡಿದ್ದು ಎಷ್ಟೋ ಉಂಟು. ಮಾರ್ಕ್ 1 ಹಳೇದು ಹೌದು, ಆದ್ರೆ ಅದು ಕಾರ್ಖಾನೆಯಲ್ಲಿ ಲೆಕ್ಕ ಇಲ್ಲದಷ್ಟು ಮಾಡಿದ ಮಾಲು, ಗಟ್ಟಿ ಉಕ್ಕು, ಸುಲಭಕ್ಕೆ ಹಾಳಾಗುವುದಲ್ಲ, ಹಾಗಾಗಿ ಬೇಕಾದಷ್ಟು ಉಳಿದಿದೆ. ಉಳಿಯದ್ದು ಯಾವುದು ಹೇಳಿ? ರಟ್ಟಿನ ಬಾಕ್ಸು. ಅಂಗಡಿಯಿಂದ ತಂದ ಎರಡನೇ ದಿನಕ್ಕೆ ಮಕ್ಕಳು ಅದನ್ನು ಹರಿದು ಬಿಸಾಡಿರ್ತಾರೆ. ಒಳಗಿನ ಸೂಚನೆಯ ಕಾಗದ, ಪೆಲೆಟ್ಟಿನ (ಇದಕ್ಕೆ ಹಾಕುವ ಸಣ್ಣ ಗುಂಡು) ತಗಡಿನ ಡಬ್ಬಿ, ಕ್ಲೀನ್ ಮಾಡುವ ಬ್ರಷ್ಷು, ಇದೆಲ್ಲ ಒಟ್ಟಿಗೆ ಇದ್ರೆ ಸಂಗ್ರಹ ಮಾಡುವವರು ಪಿಸ್ತೂಲಿಗಿಂತ ಅದಕ್ಕೇ ದುಡ್ಡು ಕೊಡ್ತಾರೆ ಅಂತ ಬೇಕಾದ್ರೆ ಹೇಳಬಹುದು. ನೀವು ಹೇಳಿದ ಪ್ರೀಮಿಯರ್‌ಗೆ ಬಾಕ್ಸ್ ಇತ್ತಾ ಅಂತ ಒಮ್ಮೆ ಪುನಃ ಕ್ಯಾಟಲಾಗ್ ನೋಡಿ. ಮಾರ್ಕ್ 1ಕ್ಕೆ ಇನ್ನೊಂದು ವಿಷಯ, ಅದಕ್ಕೆ .177 ಮತ್ತು .22 ಬ್ಯಾರಲ್ ಬದಲಿಸಿ ಹಾಕ್ಲಿಕ್ಕೆ ಆಗ್ತದೆ, ಎರಡನೇ ಬ್ಯಾರಲ್ಲೂ ಜೊತೆಯಲ್ಲಿ ಬಂದ್ರೆ ಆಗ ರೇಟ್ ಏರಿಸಿ ಬರೀರಿ.

ಫೋಟೋ ನೋಡುವಾಗ ನನ್ನ ಕಣ್ಣು ಮೊದಲು ಹೋಗುದು ಸ್ಕ್ರೂಗೆ. ಸ್ಕ್ರೂವಿನ ಗೀರು ಚಿಂದಿ ಆಗಿದ್ರೆ ಯಾರೋ ಸರಿಯಾದ ಡ್ರೈವರ್ ಇಲ್ಲದೆ ಬಿಚ್ಚಿದ್ದಾರೆ ಅಂತ ಅರ್ಥ, ಒಳಗೆ ಸ್ಪ್ರಿಂಗು ಎಂತದ್ದು ಹಾಕಿದ್ದಾರೋ ದೇವರೇ ಬಲ್ಲ. ಆಮೇಲೆ ಅಕ್ಷರ. ಒತ್ತಿದ ಅಕ್ಷರದ ಅಂಚು ಚೂಪಾಗಿ ಇರ್ಬೇಕು. ಮೈ ಎಲ್ಲ ಪಳಪಳ ಹೊಳೀತದೆ ಆದ್ರೆ ಅಕ್ಷರ ಮಾತ್ರ ಸೋಪು ಕರಗಿದ ಹಾಗೆ ಮೆತ್ತಗೆ ಕಾಣ್ತದೆ ಅಂತಾದ್ರೆ ಅದು ತುಕ್ಕು ತೆಗೀಲಿಕ್ಕೆ ಉಜ್ಜಿ ಪುನಃ ಬ್ಲೂ ಮಾಡಿದ್ದು (ಅಂದ್ರೆ ಉಕ್ಕಿಗೆ ಕಪ್ಪು-ನೀಲಿ ಬಣ್ಣ ಬರಿಸಿದ್ದು), ಗೊತ್ತಿಲ್ಲದವರಿಗೆ ಚಂದ ಕಾಣ್ತದೆ, ಗೊತ್ತಿದ್ದವರು ಕೈ ಎತ್ತುದಿಲ್ಲ. ಅರ್ಧ ಮಾಸಿದ ಒರಿಜಿನಲ್ ಬಣ್ಣಕ್ಕೇ ಬೆಲೆ ಜಾಸ್ತಿ.

ಇನ್ನು ನೀವು ಯಾವ ರೇಟಿಗೆ ಹೋಲಿಸ್ತಿದ್ದೀರಿ ಅದೂ ನೋಡ್ಬೇಕು. ಸುತ್ತಿಗೆ ಬಿದ್ದ ರೇಟು, ಅಂದ್ರೆ ಏಲಂನಲ್ಲಿ ಕೊನೆಗೆ ಕೂಗಿದ ರೇಟು ಬೇರೆ, ತೆಕ್ಕೊಂಡವ ಕಟ್ಟುವ ದುಡ್ಡು ಬೇರೆ. 100 ಪೌಂಡಿಗೆ ಸುತ್ತಿಗೆ ಬಿತ್ತು ಅಂತ ಇಟ್ಕೊಳ್ಳಿ, ಏಲಂನವರ ಕಮಿಷನ್ 25 ಪರ್ಸೆಂಟ್ ಆದ್ರೆ 25 ಪೌಂಡು, ಆ ಕಮಿಷನ್ ಮೇಲೆ 20 ಪರ್ಸೆಂಟ್ ವ್ಯಾಟ್ ಅಂದ್ರೆ ಇನ್ನು 5, ಒಟ್ಟು 130. ಕೆಲವು ಕಡೆ ಸುತ್ತಿಗೆ ರೇಟ್ ಹಾಕ್ತಾರೆ, ಕೆಲವು ಕಡೆ ಕಮಿಷನ್ ಸೇರಿಸಿ ಹಾಕ್ತಾರೆ, ಎರಡನ್ನೂ ಬೆರೆಸಿ ನೋಡಿದ್ರೆ ಯಾವತ್ತೂ ತಾಳೆ ಆಗುದಿಲ್ಲ. ಆನ್‌ಲೈನ್ ಅಂಗಡಿಯವರು ಕೇಳುವ ರೇಟಂತೂ ನೋಡ್ಲೇಬೇಡಿ, ಅದು ಅವರ ಆಸೆ ಅಷ್ಟೇ, ಮಾರಿ ಹೋದ ರೇಟ್ ಮಾತ್ರ ಬರೆದಿಡಿ.

ಮಲ್ಪೆ_ದಕ್ಕೆ

ಫಿಟ್ಟರ್ ಅಣ್ಣ ಸಾಮಾನಿನ ವಿಷಯ ಹೇಳಿದ್ರು, ನಾನು ಏಲಂ ವಿಷಯ ಹೇಳ್ತೇನೆ ಯಾಕೆಂದ್ರೆ ದಿನಾ ಬೆಳಿಗ್ಗೆ ದಕ್ಕೆಯಲ್ಲಿ, ಅಂದ್ರೆ ಮೀನಿನ ಬೋಟು ಬಂದು ನಿಲ್ಲುವಲ್ಲಿ, ಅದನ್ನೇ ನೋಡುವವ. ಅದೇ ಸೈಜಿನ ಅಂಜಲ್ ಮೀನು, ಅದೇ ಬೋಟು, ನಿನ್ನೆ ಒಂದು ರೇಟ್ ಇವತ್ತು ಇನ್ನೊಂದು ರೇಟ್, ಮೀನು ಬದಲಾಗ್ಲಿಲ್ಲ, ಎದುರು ನಿಂತ ವ್ಯಾಪಾರಿಗಳು ಎಷ್ಟು ಜನ ಅನ್ನುದು ಬದಲಾಯ್ತು. ಬೇಕು ಅನ್ನುವವರು ಇಬ್ಬರು ಇರ್ಬೇಕು, ಒಬ್ಬನೇ ಇದ್ರೆ ರೇಟ್ ಏಳುದೇ ಇಲ್ಲ. ಚರ್ಚಿನ ಹಬ್ಬದಲ್ಲಿ ಹರಕೆಯ ಒಂದು ತೆಂಗಿನಕಾಯಿ ಸಾವಿರಗಟ್ಲೆಗೆ ಹೋಗುದು ನೋಡಿಲ್ವಾ, ಅಲ್ಲಿ ಕಾಯಿಗೆ ಬೆಲೆ ಕಟ್ಟುದಲ್ಲ, ಅದು ಎಲ್ಲಿಂದ ಬಂತು ಅನ್ನುದಕ್ಕೆ.

ಪಿಸ್ತೂಲಲ್ಲಿ ಇದಕ್ಕೆ ಭಾರಿ ದೊಡ್ಡ ಉದಾಹರಣೆ ಉಂಟು. 2010ರ ನವೆಂಬರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಏಲಂ ಕಂಪೆನಿಯಲ್ಲಿ ಒಂದು ವಾಲ್ಥರ್ ಏರ್ ಪಿಸ್ತೂಲು 2,77,250 ಪೌಂಡಿಗೆ ಹೋಯ್ತು. ಏಲಂನವರೇ ಮೊದಲು ಹಾಕಿದ ಅಂದಾಜು 15ರಿಂದ 20 ಸಾವಿರ! ಜೇಮ್ಸ್ ಬಾಂಡ್ ಪೋಸ್ಟರಲ್ಲಿ ಶಾನ್ ಕಾನರಿ ಕೆನ್ನೆ ಹತ್ತಿರ ಹಿಡಿದು ನಿಂತದ್ದು ಅದೇ ಪಿಸ್ತೂಲು. ಫೋಟೋ ತೆಗೆಯುವ ದಿನ ಬಾಂಡ್‌ನ ನಿಜವಾದ ಪಿಸ್ತೂಲು ತರ್ಲಿಕ್ಕೆ ಮರೆತಿದ್ರಂತೆ, ಫೋಟೋಗ್ರಾಫರ್ ಡೇವಿಡ್ ಹರ್ನ್ ತನ್ನ ಸ್ವಂತ ಏರ್ ಪಿಸ್ತೂಲು ಕೊಟ್ರು. ಅದು ಎಲ್‌ಪಿ 53 ಅನ್ನುವ ಮಾಡೆಲ್, ಅದೇ ಮಾಡೆಲ್ ಬೇರೆಯವರ ಮನೆಯದ್ದು ಬಂದ್ರೆ ಆ ರೇಟಿನ ಹತ್ತಿರವೂ ಸುಳಿಯುದಿಲ್ಲ. ಹಾಗಾಗಿ ಕ್ಯಾಟಲಾಗಲ್ಲಿ ಯಾರದ್ದು, ಎಲ್ಲಿಯದ್ದು ಅಂತ ಕಾಗದ ಸಮೇತ ಬರೆದಿದ್ರೆ ಅದನ್ನು ಬಿಡಬೇಡಿ. ಬರೀ ಬಾಯಿ ಮಾತಾದ್ರೆ ಲೆಕ್ಕಕ್ಕಿಲ್ಲ.

ಮುಲ್ಕಿಹೊಳೆ

ಹೌದು ಅಣ್ಣ, ಪುನಃ ನೋಡಿದೆ, ಪ್ರೀಮಿಯರ್‌ಗೆ ಬಾಕ್ಸು, ಕಾಗದ ಎರಡೂ ಇತ್ತು, ಮಾರ್ಕ್ 1ರ ಅಕ್ಷರ ನೀವು ಹೇಳಿದ ಹಾಗೇ ಮೆತ್ತಗೆ ಇದೆ! ನಾನು ಹೊಳಪು ನೋಡಿ ಇಷ್ಟು ಚಂದ ಇಟ್ಟಿದ್ದಾರಲ್ಲ ಅಂತ ಗ್ರಹಿಸಿದ್ದು. ಒಂದು ಕೇಳ್ಬೇಕು, ಅಜ್ಜನ ಪಿಸ್ತೂಲಿಗೆ ಅಮ್ಮ ತೆಂಗಿನೆಣ್ಣೆ ಹಚ್ಚಿ ಅದೇ ಚರ್ಮದ ಚೀಲದಲ್ಲಿ ವಾಪಸ್ ಇಟ್ಟಿದ್ದಾರೆ, ತೊಂದರೆ ಇಲ್ವಾ? ಚೀಲ ತಾಗುವಲ್ಲಿ ಕೆಂಪು ಚುಕ್ಕೆ ಕಾಣ್ತಾ ಉಂಟು.

ಕಲ್ಯಾಣಪುರ_ಫಿಟ್ಟರ್

ಅಯ್ಯೋ ಮಾರಾಯ್ರೆ, ಇವತ್ತೇ ಹೊರಗೆ ತೆಗೀರಿ!! ನಮ್ಮ ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಚರ್ಮ ಆ ತೇವ ಎಲ್ಲ ಹೀರಿ ಹಿಡಿದಿಟ್ಟುಕೊಳ್ತದೆ, ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಚೀಲವೂ ಇಡಿ ಆದ್ರೆ ಬೇರೆ ಇಡಿ. ತೆಂಗಿನೆಣ್ಣೆ ಸ್ವಲ್ಪ ಸಮಯ ಆದ ಮೇಲೆ ಅಂಟು ಆಗ್ತದೆ, ಧೂಳು ಹಿಡೀತದೆ. ಅಮ್ಮನಿಗೆ ಬೇಜಾರು ಮಾಡ್ಬೇಡಿ, ಅವರು ಪ್ರೀತಿಯಿಂದ ಮಾಡಿದ್ದು. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ತೆಳ್ಳಗೆ ಸವರಿ, ಮೈಗೆ ಮಾತ್ರ. ಒಳಗೆ ಗಾಳಿ ಒತ್ತುವ ಸಿಲಿಂಡರಿಗೆ ಯಾವ ಎಣ್ಣೆಯೂ ಬಿಡಬೇಡಿ, ಹೊಡೆಯುವಾಗ ಗಾಳಿ ಒತ್ತಿ ಬಿಸಿ ಆಗಿ ಎಣ್ಣೆಗೆ ಬೆಂಕಿ ತಾಗ್ತದೆ, ಡೀಸೆಲ್ ಇಂಜಿನಲ್ಲಿ ಆದ ಹಾಗೆ, ಢಂ ಅಂತ ಶಬ್ದ ಬಂದು ಸ್ಪ್ರಿಂಗು ವಾಶರು ಎರಡೂ ಹಾಳಾಗ್ತದೆ. ಕೆಂಪು ಚುಕ್ಕೆಗೆ ಮರಳು ಕಾಗದ ಮುಟ್ಟಿಸ್ಲಿಕ್ಕೇ ಇಲ್ಲ, ಎಣ್ಣೆ ಹಾಕಿ ಎರಡು ದಿನ ಬಿಟ್ಟು ಬಟ್ಟೆಯಲ್ಲಿ ನಿಧಾನಕ್ಕೆ ಉಜ್ಜಿ, ಹೋದಷ್ಟು ಹೋಗ್ಲಿ. ಒರೆಸಿದ ಮೇಲೆ ಬರಿಗೈಯಲ್ಲಿ ಹಿಡಿಯಬೇಡಿ, ಬೆವರು ತಾಗಿದ್ರೆ ಬೆರಳಚ್ಚೇ ತುಕ್ಕಾಗಿ ಕೂತ್ಕೊಳ್ತದೆ.

ಕುಂದಾಪ್ರ_ತೋಟ

ಹ್ವಾಯ್, ರೇಟಿನ ಮಾತು ಆಯ್ತ್, ಕಾನೂನಿನದ್ದೂ ಒಂಚೂರು ಕೇಣಿ. ನಮ್ಮ ಮನೇಲಿ ಬೆಳೆ ಕಾಯ್ಲಿಕ್ಕೆ ಲೈಸೆನ್ಸಿನ ಕೋವಿ ಇತ್ತ್, ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಕೊಟ್ಟು ಬಪ್ಪುದು ರೂಢಿ, ಹಾಂಗಾಗಿ ಈ ವಿಷಯ ಸ್ವಲ್ಪ ಗೊತ್ತಿತ್ತ್. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಏರ್ ಗನ್ನು .177ಕ್ಕಿಂತ ದೊಡ್ಡ ಬೋರ್ ಆದ್ರೆ, ಅಥವಾ 20 ಜೌಲ್ ಮೇಲೆ ಶಕ್ತಿ ಇದ್ರೆ ಲೈಸೆನ್ಸ್ ಬೇಕು. ನಿಮ್ದು ಜೂನಿಯರ್ .177, ಅಷ್ಟು ಶಕ್ತಿಯೂ ಅದಕ್ಕಿಲ್ಲ, ಗಾಬರಿ ಬೇಡ. ಆದ್ರೆ ಯಾರದ್ದಾದ್ರೂ ಅಟ್ಟದಲ್ಲಿ .22ರ ವೆಬ್ಲಿ ಸೀನಿಯರ್ರೋ ಮಾರ್ಕ್ 1ನೋ ಸಿಕ್ಕಿದ್ರೆ ಸುಮ್ನೆ ಇಟ್ಕೊಂಡು ಕೂರಬೇಡಿ, ಉಡುಪಿಯಾದ್ರೆ ಡಿಸಿ ಆಫೀಸು, ಮಂಗಳೂರು ಸಿಟಿಯಾದ್ರೆ ಕಮಿಷನರ್ ಆಫೀಸು, ಅಲ್ಲಿಯ ಲೈಸೆನ್ಸ್ ಸೆಕ್ಷನ್ನಲ್ಲಿ ಹೋಗಿ ಕೇಣಿ. ಮತ್ತೆ ಇಂಗ್ಲೆಂಡಿನ ತಮ್ಮ ಏಲಂನಲ್ಲಿ ತೆಕ್ಕೊಂಡು ಬ್ಯಾಗಲ್ಲಿ ಹಾಕ್ಕೊಂಡು ಊರಿಗೆ ಬಪ್ಪುದು ಖಂಡಿತ ಬೇಡ, ಕಸ್ಟಮ್ಸಲ್ಲಿ ಸಿಕ್ಕಿಹಾಕಿಕೊಳ್ತ. ಅಲ್ಲಿ 18 ವರ್ಷ ಆದವರಿಗೆ 6 ಫುಟ್-ಪೌಂಡ್ (ಅದೂ ಶಕ್ತಿಯ ಅಳತೆಯೇ) ಒಳಗಿನ ಏರ್ ಪಿಸ್ತೂಲಿಗೆ ಸರ್ಟಿಫಿಕೇಟ್ ಬೇಡ, ಅದಕ್ಕೇ ಅಲ್ಲಿ ಕೈ ಎತ್ತುವವರು ಇಷ್ಟು ಜನ. ಸ್ಕಾಟ್‌ಲ್ಯಾಂಡಲ್ಲಿ ಮಾತ್ರ 2016ರ ಕೊನೆಯಿಂದ ಸರ್ಟಿಫಿಕೇಟ್ ಬೇಕು.

ಮುಲ್ಕಿಹೊಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿಸ್ತೂಲು ಹೊರಗೆ ತೆಗೆದು ಒರೆಸಿಯಾಯ್ತು, ಅಮ್ಮನೇ ಹಳೇ ಪಂಚೆ ಹರಿದು ಕೊಟ್ರು. ಶನಿವಾರದ ಕ್ಯಾಟಲಾಗಲ್ಲಿ ಒಂದು ಫೈನ್‌ವರ್ಕ್‌ಬೌ 65 ಉಂಟು, ಜರ್ಮನಿಯ ಮ್ಯಾಚ್ ಪಿಸ್ತೂಲು ಅಂದ್ರೆ ಗುರಿ ಹೊಡೆಯುವ ಸ್ಪರ್ಧೆಯದ್ದು, ಮರದ ಹಿಡಿ, ಬಾಕ್ಸ್ ಇಲ್ಲ. ಇದಕ್ಕೆ ಎಂತ ನೋಡ್ಬೇಕು?

ಕಲ್ಯಾಣಪುರ_ಫಿಟ್ಟರ್

ಒಳ್ಳೇ ಪಿಸ್ತೂಲು ಅದು, ಹೊಡೆದಾಗ ಮೇಲಿನ ಭಾಗವೇ ಹಳಿ ಮೇಲೆ ಹಿಂದೆ ಜಾರ್ತದೆ, ಕೈಗೆ ಜಗ್ಗುದೇ ಇಲ್ಲ. ಇದನ್ನು ಶೋಕೇಸಲ್ಲಿ ಇಡುವವರಿಗಿಂತ ಇವತ್ತಿಗೂ ಗುರಿ ಹೊಡೆಯುವವರೇ ಜಾಸ್ತಿ ತೆಕ್ಕೊಳ್ಳುದು, ಹಾಗಾಗಿ ಬಾಕ್ಸ್ ಇಲ್ಲದ್ದು ಅಷ್ಟು ಪೆಟ್ಟಲ್ಲ. ಪಿಸ್ಟನ್ ಸೀಲ್ ಕೇಳಿ, ಒಳಗೆ ಒತ್ತುವ ಗಾಳಿ ಸೋರದ ಹಾಗೆ ತಡೆಯುದು ಅದೇ. ಹಳೇ ಸೀಲ್ ವರ್ಷ ಹೋದ ಹಾಗೆ ಪುಡಿ ಪುಡಿ ಆಗ್ತದೆ, ಹೊಸದು ಹಾಕಿದ್ದಾರೆ ಅಂತ ಬರೆದಿದ್ರೆ ಒಂದು ರೇಟ್, ಬರೆಯದಿದ್ರೆ ರಿಪೇರಿ ಖರ್ಚು ಕಳೆದು ಇನ್ನೊಂದು ರೇಟ್. ಹಿಡಿ ಬಲಗೈಯದ್ದಾ ಎಡಗೈಯದ್ದಾ ನೋಡಿ, ಯಾರೋ ತಮ್ಮ ಅಂಗೈಗೆ ಬೇಕಾದ ಹಾಗೆ ಮರ ಕೆತ್ತಿಕೊಂಡಿದ್ದಾರಾ ಅಂತಲೂ.

ಮುಲ್ಕಿಹೊಳೆ

ಸೀಲ್ ವಿಷಯ ಎಂತದೂ ಬರೆದಿಲ್ಲ. ಬಲಗೈ ಹಿಡಿ, ಆದ್ರೆ ಹೆಬ್ಬೆರಳಿನ ಹತ್ತಿರ ಕೆತ್ತಿ ಪುಟ್ಟಿ ಹಾಕಿದ್ದು ಫೋಟೋದಲ್ಲಿ ಕಾಣ್ತದೆ. ಮೊದಲು 240 ಅಂತ ಬರೆದಿದ್ದೆ, ಈಗ 150 ಮಾಡಿ ತಮ್ಮನಿಗೆ ಕಳಿಸಿದೆ, ಸುತ್ತಿಗೆ ರೇಟು ಅಂತಲೂ ಪಕ್ಕದಲ್ಲಿ ಬರೆದಿದ್ದೇನೆ. ಶನಿವಾರ ರಾತ್ರಿ ಇಲ್ಲೇ ಹಾಕ್ತೇನೆ ಎಷ್ಟಕ್ಕೆ ಹೋಯ್ತು ಅಂತ.