ಸಮುದ್ರ ಗಟ್ಟಿಯಾದರೆ ಏನನ್ನಬೇಕು?

ಉಡುಪಿ, ಕುಂದಾಪುರ, ಮಂಗಳೂರು ಕಡೆಯವರಲ್ಲಿ ಒಂದು ಪ್ರಶ್ನೆ. ಮಾಗಿಯ ಬೆಳಿಗ್ಗೆ ತೆಂಗಿನೆಣ್ಣೆ ಡಬ್ಬಿಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ? ಬ್ರಹ್ಮಾವರದ ಹತ್ತಿರ ನಮ್ಮ ಮನೆಯಲ್ಲಿ ‘ಎಣ್ಣೆ ಗಟ್ಟಿ ಆಯ್ತು’, ಅಷ್ಟೇ. ಇದಕ್ಕೆಂದೇ ಬೇರೆ ಒಂದು ಪದ ಎಲ್ಲಾದರೂ ಬಳಕೆಯಲ್ಲಿದೆಯಾ?

ನಾನೀಗ ಇರುವುದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ಇಲ್ಲಿ ಮನೆಯೊಳಗೇ 21, 22 ಡಿಗ್ರಿ. ಒಗ್ಗರಣೆಗೆ ಚಮಚದಲ್ಲಿ ಕೆರೆದು ಹಾಕಬೇಕು. ಎಣ್ಣೆ ಹೋಗಲಿ, ಇಲ್ಲಿ ಸಮುದ್ರವೇ ಗಟ್ಟಿಯಾಗುತ್ತದೆ. ಅರಬ್ಬೀ ಸಮುದ್ರದ ನೀರಲ್ಲಿ ಕೆ.ಜಿ.ಗೆ ಸುಮಾರು 35 ಗ್ರಾಂ ಉಪ್ಪು, ಇಲ್ಲಿ 5–6 ಗ್ರಾಂ. ಅಷ್ಟು ಸಪ್ಪೆ ನೀರಿಗೆ ಗಟ್ಟಿಯಾಗುವುದು ಸುಲಭ. ಜನ ಅದರ ಮೇಲೆ ನಡೆಯುತ್ತಾರೆ, ತೂತು ಕೊರೆದು ಗಾಳ ಹಾಕಿ ಮೀನು ಹಿಡಿಯುತ್ತಾರೆ. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಹೊರಟರೆ ಪದ ಸಿಗುವುದಿಲ್ಲ.

ಪತ್ರಿಕೆಯವರು ‘ಹೆಪ್ಪುಗಟ್ಟಿತು’ ಅಂತ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೆಪ್ಪು ಅಂದರೆ ಹಾಲಿಗೆ ಹಾಕುವ ಚೂರು ಮಜ್ಜಿಗೆ. ಹೆಪ್ಪು ಹಾಕಿ ಬೆಚ್ಚಗೆ ಇಟ್ಟರೆ ತಾನೇ ಮೊಸರು? ಚಳಿ ಜಾಸ್ತಿಯಾದರೆ ಅದು ಆಗುವುದೇ ಇಲ್ಲ. ಇಲ್ಲಿ ನಾನು ಹಾಲಿನ ಪಾತ್ರೆಯನ್ನು ಓವನ್ನಿನೊಳಗೆ, ಬರೀ ದೀಪ ಉರಿಸಿ ಇಡುತ್ತೇನೆ. ಬಿಸಿಯಿಂದ ಆಗುವ ಕೆಲಸದ ಹೆಸರನ್ನು ಚಳಿಯಿಂದ ಆಗುವುದಕ್ಕೆ ಯಾಕೆ ಕೊಡಬೇಕು? ‘ಘನೀಭವಿಸು’ ಪಾಠದ ಪುಸ್ತಕದಲ್ಲೇ ಇರಲಿ. ತೆಂಗಿನೆಣ್ಣೆಗೆ ಚಂದದ ಪದ ಇದ್ದರೆ ಸಮುದ್ರಕ್ಕೂ ಅದೇ ಸರಿಹೋಗುತ್ತದೆ ಅನ್ನುವುದು ನನ್ನ ಯೋಚನೆ. ತುಳು, ಕೊಂಕಣಿ, ಬ್ಯಾರಿ ಮನೆಗಳ ಪದವಾದರೂ ಆಗಬಹುದು.

ಉಳಿದದ್ದಕ್ಕೆ ಅಡುಗೆಮನೆಯಲ್ಲೇ ಪದ ಇದೆ. ನೀರಿನ ಮೇಲೆ ಮೊದಮೊದಲು ಕಟ್ಟುವ ತೆಳು ಪದರಕ್ಕೆ ಇಲ್ಲಿಯವರು ‘ರೀತೆ’ ಅನ್ನುತ್ತಾರೆ. ‘ಸಮುದ್ರಕ್ಕೆ ಕೆನೆ ಕಟ್ಟಿದೆ’ ಅಂದೆ, ಅಮ್ಮನಿಗೆ ತಕ್ಷಣ ಅರ್ಥವಾಯಿತು. ಚಾ ಆರುವಾಗ ಕಟ್ಟುವುದೂ ಕೆನೆಯೇ ಅಲ್ವಾ. ಬಿದ್ದು ಹಳತಾದ ಹಿಮ ತುಪ್ಪದ ಹಾಗೆ ಮರಳುಮರಳಾಗುತ್ತದೆ, ಅದಕ್ಕೂ ತೊಂದರೆ ಇಲ್ಲ. ಅರ್ಧ ಕರಗಿ, ರಸ್ತೆಗೆ ಹಾಕಿದ ಜಲ್ಲಿಪುಡಿ ಸೇರಿ, ಬೂದಿ ಬಣ್ಣಕ್ಕೆ ತಿರುಗಿದ್ದು ‘ಲೋಸ್ಕಾ’. ಕೆಸರು ಅಂದರೆ ಮಳೆಗಾಲದ ಗದ್ದೆ ಕಣ್ಣಿಗೆ ಬರುತ್ತದೆ. ರಾಡಿ ಅನ್ನುವುದೇ ವಾಸಿ.

‘ಮಂಜು’ ಮಾತ್ರ ಬೇಡ. ಊರಲ್ಲಿ ಮಂಜು ಅಂದರೆ ಬೆಳಿಗ್ಗೆ ಹುಲ್ಲಿನ ಮೇಲೆ ಕೂರುವುದು, ಇಲ್ಲವೇ ಆಗುಂಬೆ ಘಾಟಿಯಲ್ಲಿ ದಾರಿ ಮುಚ್ಚುವುದು. ‘ಇಲ್ಲಿ ಮಂಜು ಬೀಳ್ತಾ ಉಂಟು’ ಅಂದರೆ ‘ತಲೆಗೆ ಬಟ್ಟೆ ಕಟ್ಕೋ’ ಅನ್ನುತ್ತಾರೆ, ಮುಗಿಯಿತು. ಮೊಣಕಾಲಿನವರೆಗೆ ಹಿಮ ಬಿದ್ದದ್ದು ಅವರಿಗೆ ತಲುಪುವುದೇ ಇಲ್ಲ.

ಇನ್ನೊಂದು, ಗಾಳಿಯ ವಿಷಯ. ನಮ್ಮಲ್ಲಿ ‘ತಂಪು’ ಯಾವಾಗಲೂ ಹಿತ. ಬೊಂಡ ತಂಪು, ಬಸಳೆ ತಂಪು, ಮಜ್ಜಿಗೆ ತಂಪು. ಮೈನಸ್ 15ರಲ್ಲಿ ಮುಖಕ್ಕೆ ಹೊಡೆಯುವ ಗಾಳಿಗೆ ತಂಪು ಗಾಳಿ ಅನ್ನಲು ಬಾಯಿ ಬರುವುದಿಲ್ಲ. ಹಳಗನ್ನಡದಲ್ಲಿ ‘ಕುಳಿರ್’ ಇತ್ತು, ಕುಳಿರ್ಗಾಳಿ ಅಂತ ಬರಹದಲ್ಲಿ ಈಗಲೂ ಕಾಣುತ್ತದೆ. ಕರಾವಳಿಯ ಆಡುಮಾತಿನಲ್ಲಿ, ನಿಮ್ಮ ಅಜ್ಜ ಅಜ್ಜಿಯ ಬಾಯಲ್ಲಿ ಅದನ್ನು ಕೇಳಿದವರು ಇದ್ದರೆ, ಯಾವ ಊರು, ಯಾವ ಮಾತಿನ ನಡುವೆ ಬಂತು ಅನ್ನುವುದನ್ನೂ ಸೇರಿಸಿ ತಿಳಿಸಿ.