ಕಾರ್-ಟಿ ಚಿಕಿತ್ಸೆ ನಮ್ಮ ತಂದೆಯವರಿಗೆ ಆಗುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ತಂದೆಯವರಿಗೆ 61 ವರ್ಷ. ಬಿ-ಕೋಶದ ಲಿಂಫೋಮಾ ಎಂಬ ಕ್ಯಾನ್ಸರಿಗೆ ಎರಡು ಬಗೆಯ ಕೀಮೋ ಮುಗಿದ ಮೇಲೂ ಕತ್ತಿನ ಗಂಟು ಮತ್ತೆ ಕಾಣಿಸಿಕೊಂಡಿದೆ. ವೈದ್ಯರು ಕಾರ್-ಟಿ ಚಿಕಿತ್ಸೆಯ ಮಾತೆತ್ತಿದ್ದಾರೆ. ಅದಕ್ಕಾಗಿ ವಿದೇಶಕ್ಕೆ ಹೋಗಬೇಕೇ? ಅಪಾಯವೆಷ್ಟು?

ಉತ್ತರ (ರಕ್ತರೋಗ ತಜ್ಞೆ): ವಿದೇಶಕ್ಕೆ ಹೋಗುವ ಅಗತ್ಯವಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡ ನೆಕ್ಸ್‌ಕಾರ್19 ಎಂಬ ಕಾರ್-ಟಿ ಔಷಧಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು; ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್ಟೆಮಿ 2025ರ ಜನವರಿಯಲ್ಲಿ ಬಂತು. ಅಮೆರಿಕದಲ್ಲಿ ಔಷಧಕ್ಕೇ 3 ಕೋಟಿ ರೂಪಾಯಿ ಮೀರುತ್ತದೆ. ಇಲ್ಲಿ ಅದಕ್ಕಿಂತ ಬಹಳ ಕಡಿಮೆಯಾದರೂ ಹಲವು ಲಕ್ಷಗಳ ಮಾತು, ಆಸ್ಪತ್ರೆಯ ಖರ್ಚು ಬೇರೆ.

ಇದು ನಿಮ್ಮ ತಂದೆಯವರ ರಕ್ತದಿಂದಲೇ ತಯಾರಾಗಬೇಕಾದ ಔಷಧ. ಯಂತ್ರವೊಂದು ಕೆಲವು ಗಂಟೆ ಅವರ ರಕ್ತವನ್ನು ಹೊರಗೆಳೆದು, ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳಿರುವ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಉಳಿದುದನ್ನು ದೇಹಕ್ಕೇ ಮರಳಿಸುತ್ತದೆ. ಪ್ರಯೋಗಾಲಯದಲ್ಲಿ ಆ ಟಿ-ಕೋಶಗಳಿಗೆ ಹೊಸ ಜೀನ್ ಸೇರಿಸಿದಾಗ, ಬಿ-ಕೋಶಗಳ ಮೇಲಿರುವ ಸಿಡಿ19 ಎಂಬ ಪ್ರೋಟೀನನ್ನು ಗುರುತಿಸಿ ಆ ಕೋಶಗಳನ್ನು ಕೊಲ್ಲುವ ಶಕ್ತಿ ಅವುಗಳಿಗೆ ಬರುತ್ತದೆ. ಇದಕ್ಕೆ ಕೆಲವು ವಾರ ಹಿಡಿಯುವುದರಿಂದ ಅಷ್ಟರಲ್ಲಿ ರೋಗ ಕೈಮೀರಬಾರದು. ಎಲ್ಲ ಔಷಧ ಮುಗಿಯಲಿ, ಆಮೇಲೆ ನೋಡೋಣ ಎಂದು ಕಾಯುವುದು ನನಗೆ ಸರಿಕಾಣುವುದಿಲ್ಲ. ಕೀಮೋ ಮೇಲೆ ಕೀಮೋ ಪಡೆದ ದೇಹದಲ್ಲಿ ಗಟ್ಟಿಮುಟ್ಟಾದ ಟಿ-ಕೋಶಗಳೇ ಸಿಗದೆ ಹೋಗಬಹುದು.

ಅಪಾಯ ಹೆಚ್ಚಿರುವುದು ಕೋಶಗಳನ್ನು ಮರಳಿ ಕೊಟ್ಟ ನಂತರದ ಮೊದಲ ವಾರಗಳಲ್ಲಿ. ತೀವ್ರ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿಗೆ ಈ ಚಿಕಿತ್ಸೆ ಪಡೆದ ಮೊದಲ ಮಗು ಎಮಿಲಿ ವೈಟ್‌ಹೆಡ್ ಇದರಿಂದಲೇ ಸಾವಿನಂಚಿಗೆ ಹೋಗಿದ್ದಳು. ಸಂಧಿವಾತಕ್ಕೆ ಬಳಸುವ ಟೊಸಿಲಿಜುಮ್ಯಾಬ್ ಅವಳನ್ನು ಉಳಿಸಿತು. ಇಂದಿಗೂ ನಾವು ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಮಿದುಳಿಗೂ ತೊಂದರೆಯಾಗಬಹುದಾದುದರಿಂದ, ವಾರ್ಡಿನಲ್ಲಿ ದಿನವೂ ರೋಗಿಯಿಂದ ಒಂದು ವಾಕ್ಯ ಬರೆಸುತ್ತೇವೆ, ನೂರರಿಂದ ಹತ್ತು ಹತ್ತು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳುತ್ತೇವೆ. ನಿನ್ನೆ ದುಂಡಗಿದ್ದ ಅಕ್ಷರ ಇಂದು ಸಾಲು ಬಿಟ್ಟು ಜಾರಿದರೆ ಅದೇ ಮೊದಲ ಎಚ್ಚರಿಕೆ. ತಂದೆಯವರು ಕನ್ನಡದಲ್ಲೇ ಬರೆಯಲಿ. ಅವರ ಕೈಬರಹ ಬಲ್ಲ ನೀವು ಹತ್ತಿರವಿದ್ದರೆ ನಮಗೆ ದೊಡ್ಡ ಉಪಕಾರ.

ನೆಕ್ಸ್‌ಕಾರ್19ರ ಪ್ರಯೋಗದಲ್ಲಿ ಸುಮಾರು ಶೇ 73ರಷ್ಟು ರೋಗಿಗಳಲ್ಲಿ ರೋಗ ಪೂರ್ತಿ ಇಲ್ಲವೇ ಭಾಗಶಃ ತಗ್ಗಿತು. ಆದರೆ ಕ್ಯಾನ್ಸರ್ ಕೋಶಗಳು ಸಿಡಿ19 ಅನ್ನೇ ಕಳಚಿಕೊಂಡು ಮರಳುವುದೂ ಉಂಟು ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನಮ್ಮ ಅತ್ತೆಯವರ ಸ್ತನ ಕ್ಯಾನ್ಸರಿಗೂ ಇದನ್ನು ಕೊಡಿಸಬಹುದೇ, ಮೇಡಂ?

ಉತ್ತರ: ಸದ್ಯಕ್ಕೆ ಆಗುವುದಿಲ್ಲ. ಲಿಂಫೋಮಾ ಚಿಕಿತ್ಸೆಯಲ್ಲಿ ಆರೋಗ್ಯವಂತ ಬಿ-ಕೋಶಗಳೂ ಸೇರಿ ಎಲ್ಲ ಅಳಿದರೂ, ಇಮ್ಯುನೊಗ್ಲಾಬ್ಯುಲಿನ್ (ಸೋಂಕು ತಡೆಯುವ ಪ್ರತಿಕಾಯಗಳು) ಕೊಟ್ಟು ರೋಗಿಯನ್ನು ಕಾಪಾಡಬಹುದು. ಕೆಲವು ಸ್ತನ ಕ್ಯಾನ್ಸರುಗಳ ಗುರುತಾದ ಹರ್2 ಪ್ರೋಟೀನಾದರೋ ಶ್ವಾಸಕೋಶದ ಆರೋಗ್ಯವಂತ ಕೋಶಗಳಲ್ಲೂ ಅಲ್ಪಸ್ವಲ್ಪ ಇರುವುದರಿಂದ ಅಲ್ಲಿಯೂ ದಾಳಿಯಾದೀತು. ಜೊತೆಗೆ ಗಟ್ಟಿ ಗಡ್ಡೆಯೊಳಕ್ಕೆ ಟಿ-ಕೋಶಗಳು ನುಗ್ಗುವುದೇ ಕಷ್ಟ, ನುಗ್ಗಿದರೂ ಬೇಗ ಸೋತುಹೋಗುತ್ತವೆ. ಸಂಶೋಧನೆ ಭರದಿಂದ ನಡೆದಿದೆ. ಯಾರಾದರೂ ಪ್ರಯೋಗವೆಂದು ಹೇಳಿ ಅತ್ತೆಯವರನ್ನು ಕರೆದರೆ, ಹಣ ಕೊಡುವ ಮುನ್ನ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲಾತಿ) ನೋಂದಣಿ ಸಂಖ್ಯೆ ಕೇಳಿ, ಅದನ್ನು ಅವರ ಕ್ಯಾನ್ಸರ್ ವೈದ್ಯರಿಗೆ ತೋರಿಸಿ.